ಒಂದೇ ಆಲ್ಬಮ್, ಮೂರು ಸರೌಂಡ್ ಮಿಕ್ಸ್: ಹೋಲಿಸಿ ಕೇಳುವ ಬಗೆ

ಪಿಂಕ್ ಫ್ಲಾಯ್ಡ್ ತಂಡದ ‘ದಿ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ 1973ರಲ್ಲಿ ಸ್ಟೀರಿಯೋ ರೂಪದಲ್ಲಿ ಬಂತು. ಅದೇ ವರ್ಷ ಅದರ ನಾಲ್ಕು ಚಾನೆಲ್‌ಗಳ, ಅಂದರೆ ಕೇಳುಗನ ಸುತ್ತಲಿನ ನಾಲ್ಕು ಸ್ಪೀಕರ್‌ಗಳಿಗೆ ಬೇರೆಬೇರೆ ಧ್ವನಿ ಕೊಡುವ, ಕ್ವಾಡ್ ರೂಪವೂ ಹೊರಬಂತು; ಅದನ್ನು ಮಿಕ್ಸ್ ಮಾಡಿದವರು ಆಲ್ಬಮ್ಮಿನ ಧ್ವನಿಮುದ್ರಣಕ್ಕೆ ಎಂಜಿನಿಯರ್ ಆಗಿದ್ದ ಅಲನ್ ಪಾರ್ಸನ್ಸ್. ಮೂವತ್ತು ವರ್ಷಗಳ ನಂತರ, 2003ರಲ್ಲಿ, ಜೇಮ್ಸ್ ಗತ್ರಿ ಮಾಡಿದ 5.1 ಮಿಕ್ಸ್ (ಐದು ಸ್ಪೀಕರ್, ಜೊತೆಗೆ ಬೇಸ್‌ಗೊಂದು ಸಬ್‌ವೂಫರ್) ಎಸ್‌ಎಸಿಡಿ ಎಂಬ ಬಗೆಯ ಡಿಸ್ಕಿನಲ್ಲಿ ಬಂತು, 2023ರಲ್ಲಿ ತಲೆಯ ಮೇಲಿನಿಂದಲೂ ಧ್ವನಿ ಬರುವ ಅವರದೇ ಡಾಲ್ಬಿ ಅಟ್ಮಾಸ್ ಮಿಕ್ಸ್ ಬಂತು. ಹಾಡು ಅದೇ, ನುಡಿಸಿದವರು ಅವರೇ. ಆದರೂ ಮೂರನ್ನು ಕೇಳಿದ ಮೂವರು ಮೂರು ತೀರ್ಪು ಕೊಡುತ್ತಾರೆ. ಯಾರ ತೀರ್ಪು ಸರಿ ಎಂಬ ಜಗಳಕ್ಕೆ ಇಳಿಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಕಿವಿಗೆ ಬಿದ್ದ ವ್ಯತ್ಯಾಸದಲ್ಲಿ ಮಿಕ್ಸ್‌ನ ಪಾಲು ಎಷ್ಟು, ನಮ್ಮ ಕೋಣೆ, ವಾಲ್ಯೂಮ್ ಮತ್ತು ಸಬ್‌ವೂಫರ್‌ಗಳ ಪಾಲು ಎಷ್ಟು?

ದಾವಣಗೆರೆಯ ವಿನೋಬನಗರದ ನಮ್ಮ ಮನೆಯಲ್ಲಿ ಭಾನುವಾರಗಳಂದು ಮೂರ್ನಾಲ್ಕು ಜನ ಗೆಳೆಯರು ಸೇರಿ ಇಂತಹ ಹೋಲಿಕೆಯನ್ನು ಆರಂಭಿಸಿದಾಗ ನಾವು ಈ ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲ. ಒಂದು ಆಲ್ಬಮ್ಮಿನ ಎರಡು ಮಿಕ್ಸ್‌ಗಳನ್ನು ಒಂದಾದ ಮೇಲೊಂದು ಹಾಕಿ, ಎಲ್ಲರೂ ಒಮ್ಮತದಿಂದ ಎರಡನೆಯದನ್ನು ಮೆಚ್ಚಿ, ಅದರ ‘ಬಿಚ್ಚುಗುಣ’ವನ್ನು ಹೊಗಳಿ ಪುಸ್ತಕದಲ್ಲಿ ಬರೆದಿಟ್ಟೆವು. ಮುಂದಿನ ವಾರ ಅಳತೆ ಮಾಡಿ ನೋಡಿದರೆ ಎರಡನೆಯದು ಸುಮ್ಮನೆ ಹೆಚ್ಚು ಜೋರಾಗಿತ್ತು, ಅಷ್ಟೆ. ಸದ್ದನ್ನು ಸಮ ಮಾಡಿ ಮತ್ತೆ ಕೇಳಿದಾಗ ಮೂವರು ಮೊದಲನೆಯದರ ಕಡೆಗೆ ವಾಲಿದರು. ಅಂದಿನಿಂದ ನಾವು ಅನುಸರಿಸುತ್ತಿರುವ ಕ್ರಮವನ್ನೇ ಇಲ್ಲಿ ವಿವರಿಸುತ್ತೇನೆ. ರಾಶಿ ತೂರಿದಂತೆ ಜೊಳ್ಳನ್ನು ಒಂದೊಂದಾಗಿ ಹಾರಿಸುತ್ತ ಹೋದರೆ ಕೊನೆಗೆ ಉಳಿಯುವ ಕಾಳು ಮಿಕ್ಸ್ ಮಾಡಿದವರದು; ಅಲ್ಲಿಯವರೆಗೆ ಅವರನ್ನು ಹೊಗಳುವುದಕ್ಕೂ ತೆಗಳುವುದಕ್ಕೂ ನಮಗೆ ಹಕ್ಕಿಲ್ಲ.

ಮೊದಲು ಪದದ ಗೊಂದಲವನ್ನು ಬಿಡಿಸಿಕೊಳ್ಳೋಣ. ನಮ್ಮಲ್ಲಿ ರೀಮಿಕ್ಸ್ ಎಂದರೆ ಹಳೆಯ ಚಿತ್ರಗೀತೆಗೆ ಹೊಸ ತಾಳದ ಅಬ್ಬರ ಸೇರಿಸಿ ಮದುವೆ ಮೆರವಣಿಗೆಗೆ ಒದಗಿಸುವುದು ಎಂಬ ಅರ್ಥ ಬಲವಾಗಿ ಬೇರೂರಿದೆ. ಇಲ್ಲಿ ಅದು ಅಲ್ಲ. ಗಾಯನ, ಗಿಟಾರು, ಡ್ರಮ್ಸ್, ಕೀಬೋರ್ಡುಗಳು ಬೇರೆಬೇರೆ ಟ್ರ್ಯಾಕ್‌ಗಳಲ್ಲಿ ದಾಖಲಾಗಿರುವ ಮೂಲ ಮಲ್ಟಿಟ್ರ್ಯಾಕ್ ಟೇಪುಗಳಿಗೆ ಮರಳಿ ಹೋಗಿ, ಪ್ರತಿಯೊಂದು ಧ್ವನಿಯನ್ನೂ ಹೊಸದಾಗಿ ಸ್ಪೀಕರ್‌ಗಳ ನಡುವೆ ಹಂಚುವ ಕೆಲಸ ಇದು. ಸಿದ್ಧವಾದ ಸ್ಟೀರಿಯೋ ಹಾಡನ್ನು ಯಂತ್ರದಿಂದ ಐದು ಸ್ಪೀಕರ್‌ಗಳಿಗೆ ಹಿಗ್ಗಿಸುವುದು ಅಪ್‌ಮಿಕ್ಸ್. ಸ್ಪೀಕರ್‌ಗಳನ್ನು ನಡೆಸುವ ರಿಸೀವರಿನ ಒಂದು ಗುಂಡಿಯೂ ಅದನ್ನು ಮಾಡುತ್ತದೆ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದ್ದರಿಂದ ಹೋಲಿಕೆಗೆ ಕೂರುವ ಮೊದಲು ಡಿಸ್ಕಿನ ಹೊದಿಕೆಯಲ್ಲಿ ಮಿಕ್ಸ್ ಮಾಡಿದವರ ಹೆಸರು, ವರ್ಷ, ಬಳಸಿದ ಟೇಪು ಈ ಮೂರನ್ನು ಓದಿ ಬರೆದುಕೊಳ್ಳಬೇಕು.

ಟೇಪಿನ ವಿಷಯ ಏಕೆ ಮುಖ್ಯವೆಂದರೆ, ಮಿಕ್ಸ್ ಮಾಡುವವರ ಸ್ವಾತಂತ್ರ್ಯಕ್ಕೆ ಗಡಿ ಹಾಕುವುದೇ ಅದು. ಬೀಟಲ್ಸ್ ತಂಡ 1960ರ ದಶಕದ ನಡುಭಾಗದಲ್ಲಿ ನಾಲ್ಕು ಟ್ರ್ಯಾಕ್‌ಗಳ ಯಂತ್ರದಲ್ಲಿ ಧ್ವನಿಮುದ್ರಿಸುತ್ತಿತ್ತು. ನಾಲ್ಕೂ ತುಂಬಿದಾಗ ಅವುಗಳನ್ನು ಕೂಡಿಸಿ ಇನ್ನೊಂದು ಟೇಪಿನ ಒಂದೆರಡು ಟ್ರ್ಯಾಕ್‌ಗಳಿಗೆ ಇಳಿಸಿ, ಉಳಿದ ಜಾಗದಲ್ಲಿ ಮುಂದುವರಿಯುತ್ತಿದ್ದರು. ಹೀಗೆ ಕೂಡಿಸಿದ ಡ್ರಮ್ಸ್ ಮತ್ತು ಬೇಸ್ ಅನ್ನು ಆಮೇಲೆ ಬೇರ್ಪಡಿಸುವುದು ಕಲೆಸಿದ ಅನ್ನ-ಸಾರನ್ನು ಮತ್ತೆ ಬೇರೆ ಮಾಡಿದಂತೆ. ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ಮಿನ 2017ರ ಮಿಕ್ಸ್‌ಗೆ ಜೈಲ್ಸ್ ಮಾರ್ಟಿನ್ ಇಳಿಸುವ ಮುನ್ನಿನ ಟೇಪುಗಳನ್ನು ಬಳಸಿದರು. 2022ರ ‘ರಿವಾಲ್ವರ್’ ಮಿಕ್ಸ್‌ಗೆ ಒಂದೇ ಟ್ರ್ಯಾಕಿನಲ್ಲಿ ಬೆರೆತ ವಾದ್ಯಗಳನ್ನು ಕಂಪ್ಯೂಟರಿನಿಂದ ಬೇರ್ಪಡಿಸುವ ತಂತ್ರ ನೆರವಾಯಿತು. ಅದನ್ನು ರೂಪಿಸಿದ್ದು ಪೀಟರ್ ಜಾಕ್ಸನ್ ಅವರ ತಂಡ. ಹಾಗಾಗಿ 16 ಟ್ರ್ಯಾಕ್‌ಗಳಲ್ಲಿ ಮುದ್ರಿತವಾದ ‘ಡಾರ್ಕ್ ಸೈಡ್’ನಷ್ಟು ಸಲೀಸಾಗಿ ‘ರಿವಾಲ್ವರ್’ನ ವಾದ್ಯಗಳು ಕೋಣೆಯ ಮೂಲೆಗಳಿಗೆ ಹರಡಿಕೊಳ್ಳಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಈಗ ಕೋಣೆಗೆ ಬರೋಣ. ನಮ್ಮ ಊರಿನ ಮನೆಗಳ ಹಾಲ್ ಸಾಮಾನ್ಯವಾಗಿ ಆರ್‌ಸಿಸಿ ಛಾವಣಿ, ನುಣುಪಾದ ಗೋಡೆ, ಟೈಲ್ಸ್ ನೆಲದ ಒಂದು ಪೆಟ್ಟಿಗೆ. ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿದರೆ ಎದುರುಬದುರು ಗೋಡೆಗಳ ನಡುವೆ ‘ಟರ್‌ರ್’ ಎಂಬ ಪ್ರತಿಧ್ವನಿ ಓಡಾಡುವುದು ಕೇಳಿಸುತ್ತದೆ. ಆ ಸದ್ದು ಇರುವಷ್ಟು ಹೊತ್ತು ಹಿಂದಿನ ಸ್ಪೀಕರಿನಿಂದ ಬಂದ ಧ್ವನಿ ಯಾವುದು, ಮುಂದಿನ ಸ್ಪೀಕರಿನ ಧ್ವನಿ ಗೋಡೆಗೆ ಬಡಿದು ಬಂದದ್ದು ಯಾವುದು ಎಂದು ಹೇಳಲಾಗದು. ನಾವು ನೆಲಕ್ಕೆ ದಪ್ಪ ಜಮಖಾನ ಹಾಸಿ, ಹಿಂದಿನ ಗೋಡೆಗೆ ಚಳ್ಳಕೆರೆಯ ಎರಡು ಕರಿ ಕಂಬಳಿಗಳನ್ನು ಮಡಚಿ ತೂಗುಹಾಕಿದೆವು. ದುಬಾರಿ ಫೋಮ್ ಹಲಗೆಗಳಿಗೆ ಹಣ ಸುರಿಯುವ ಮೊದಲು ಕಂಬಳಿಯನ್ನೊಮ್ಮೆ ಪರೀಕ್ಷಿಸಿ ನೋಡಿರಿ. ಒರಟು ಉಣ್ಣೆ ಆ ಟರ್‌ರ್ ಸದ್ದನ್ನು ಚೆನ್ನಾಗಿ ನುಂಗುತ್ತದೆ, ಆದರೆ ಬೇಸ್‌ಗೆ ಏನೂ ಮಾಡುವುದಿಲ್ಲ. ಸೀಲಿಂಗ್ ಫ್ಯಾನ್ ಆರಿಸಲೇಬೇಕು, ಏಕೆಂದರೆ ಹಿಂದಿನ ಚಾನೆಲ್‌ಗಳಲ್ಲಿ ಇಂಗುವ ಅನುರಣನದ ಬಾಲವೆಲ್ಲ ಅದರ ಗಾಳಿಯಲ್ಲೇ ಹಾರಿಹೋಗುತ್ತದೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಇದು ತಪಸ್ಸು. ಬೆಳಗಿನ ಆರರಿಂದ ಎಂಟರವರೆಗಿನ ಸಮಯವನ್ನು ಶಿಫಾರಸು ಮಾಡುತ್ತೇನೆ.

ಸ್ಪೀಕರ್‌ಗಳ ಜಾಗ ಮಿಕ್ಸ್‌ನ ಕಾಲಕ್ಕೆ ತಕ್ಕಂತೆ ಬದಲಾಗಬೇಕು ಎಂಬ ಮಾತನ್ನು ಬಹಳ ಜನ ಗಮನಿಸುವುದಿಲ್ಲ. ಇಂದಿನ 5.1 ವ್ಯವಸ್ಥೆಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಮುಂದಿನ ಎಡ-ಬಲ ಸ್ಪೀಕರ್‌ಗಳು ಕೇಳುಗನ ಮೂಗಿನ ನೇರದಿಂದ 30 ಡಿಗ್ರಿಯಲ್ಲಿಯೂ ಸರೌಂಡ್ ಸ್ಪೀಕರ್‌ಗಳು 100ರಿಂದ 120 ಡಿಗ್ರಿಯ ನಡುವೆಯೂ, ಅಂದರೆ ಕಿವಿಗಿಂತ ತುಸು ಹಿಂದೆ, ನಿಲ್ಲಬೇಕು. 1970ರ ದಶಕದ ಕ್ವಾಡ್ ಕಲ್ಪನೆ ಬೇರೆ: ಅದು ಚೌಕಾಕಾರದ ಕೋಣೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಒಂದೇ ಬಗೆಯ ಸ್ಪೀಕರ್‌ಗಳು. ಪಾರ್ಸನ್ಸ್ ಅವರ ಮಿಕ್ಸ್‌ನಲ್ಲಿ ಮೂಲೆಯಿಂದ ಮೂಲೆಗೆ ಸುತ್ತುವ ಧ್ವನಿಯನ್ನು 5.1 ಜೋಡಣೆಯಲ್ಲಿ ಕೇಳಿದರೆ ಹಿಂದಿನ ಭಾಗ ಪಕ್ಕಕ್ಕೆ ಜಾರಿದಂತೆ ತೋರುತ್ತದೆ, ಮತ್ತು ನಾವು ಅದನ್ನು ಮಿಕ್ಸ್‌ನ ದೋಷವೆಂದು ಬರೆದುಬಿಡುತ್ತೇವೆ. ನಮ್ಮಲ್ಲಿ ಹಿಂದಿನ ಎರಡು ಸ್ಪೀಕರ್‌ಗಳು ಸ್ಟೂಲಿನ ಮೇಲಿವೆ. ನೆಲದ ಮೇಲೆ ರಂಗೋಲಿ ಪುಡಿಯಿಂದ ಎರಡು ಗುರುತು ಹಾಕಿ, ಕ್ವಾಡ್ ಕೇಳುವಾಗ ಅವುಗಳನ್ನು ಹಿಂದಿನ ಮೂಲೆಗಳಿಗೆ, 135 ಡಿಗ್ರಿಯ ಆಸುಪಾಸಿಗೆ, ಸರಿಸುತ್ತೇವೆ. ಜಾಗ ಬದಲಾದಾಗ ದೂರವೂ ಬದಲಾಗುವುದರಿಂದ ರಿಸೀವರಿನಲ್ಲಿ ದೂರದ ಅಂಕಿಯನ್ನು ತಿದ್ದಬೇಕು. ಧ್ವನಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಚಲಿಸುತ್ತದೆ, ಒಂದು ಮೀಟರಿನ ತಪ್ಪು ಸುಮಾರು ಮೂರು ಮಿಲಿಸೆಕೆಂಡಿನ ತಪ್ಪು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಸದ್ದಿನ ಸಮೀಕರಣ. ಎರಡು ಹಂತಗಳಲ್ಲಿ ಇದನ್ನು ಮಾಡಬೇಕು. ಮೊದಲ ಹಂತದಲ್ಲಿ ರಿಸೀವರಿನ ಪರೀಕ್ಷಾ ಧ್ವನಿಯನ್ನು, ಅಂದರೆ ಜೋರು ಮಳೆಯಂತೆ ಸುರಿಯುವ ಪಿಂಕ್ ನಾಯ್ಸನ್ನು, ಒಂದೊಂದು ಸ್ಪೀಕರಿನಿಂದಲೂ ಬಿಟ್ಟು, ಕೇಳುವ ಕುರ್ಚಿಯಲ್ಲಿ ಕಿವಿಯ ಎತ್ತರಕ್ಕೆ ಹಿಡಿದ ಫೋನಿನ ಸೌಂಡ್ ಮೀಟರ್ ಆ್ಯಪ್‌ನಲ್ಲಿ ಎಲ್ಲವೂ ಒಂದೇ ಅಂಕಿ ತೋರುವಂತೆ ಹೊಂದಿಸಬೇಕು. 75 ಡೆಸಿಬೆಲ್ ವಾಡಿಕೆಯ ಗುರಿ. ಫೋನಿನ ಮೈಕು ನಿಖರವಾದ ಉಪಕರಣವಲ್ಲ, ಆದರೆ ನಮಗೆ ಬೇಕಿರುವುದು ಒಂದಕ್ಕೊಂದರ ಹೋಲಿಕೆಯಾದ್ದರಿಂದ ಅದು ಸಾಕು, ಸಬ್‌ವೂಫರ್ ಒಂದನ್ನು ಬಿಟ್ಟು. ಎರಡನೆಯ ಹಂತದಲ್ಲಿ ಹೋಲಿಸಬೇಕಾದ ಹಾಡಿನ ಅದೇ ಒಂದು ನಿಮಿಷದ ತುಣುಕನ್ನು ಎರಡೂ ಮಿಕ್ಸ್‌ಗಳಲ್ಲಿ ನುಡಿಸಿ, ಆ್ಯಪ್ ತೋರುವ ಸರಾಸರಿಯನ್ನು ಬರೆದು, ಜೋರಾದದ್ದನ್ನು ವಾಲ್ಯೂಮ್ ಗುಂಡಿಯಿಂದ ತಗ್ಗಿಸಬೇಕು. ಅರ್ಧ ಡೆಸಿಬೆಲ್‌ನೊಳಗೆ ಬಂದರೆ ಉತ್ತಮ. ಸದ್ದು ತಗ್ಗಿದಾಗ ಮನುಷ್ಯನ ಕಿವಿಗೆ ಬೇಸ್ ಮಧ್ಯಮ ಸ್ವರಗಳಿಗಿಂತ ಬೇಗ ಕುಂದುತ್ತದೆ. ಆದ್ದರಿಂದಲೇ ತುಸು ಜೋರಾದ ಮಿಕ್ಸ್ ತುಂಬಿದಂತೆಯೂ ಮೆತ್ತಗಿನದು ಸಪ್ಪೆಯಾಗಿಯೂ ಕೇಳಿಸುತ್ತದೆ, ಮತ್ತು ಕೇಳುಗನು ಅದನ್ನು ‘ಜೋರು’ ಎನ್ನದೆ ‘ಚೆನ್ನ’ ಎನ್ನುತ್ತಾನೆ.

ಈ ಏರುಪೇರು ಎಲ್ಲಿಂದ ಬರುತ್ತದೆ ಎಂದು ತಿಳಿದಿದ್ದರೆ ಅರ್ಧ ಮೋಸ ತಪ್ಪುತ್ತದೆ. ಒಂದೇ ಡಿವಿಡಿಯಲ್ಲಿ ಡಾಲ್ಬಿ ಡಿಜಿಟಲ್ ಮತ್ತು ಡಿಟಿಎಸ್ ಎಂಬ ಎರಡೂ ಸರೌಂಡ್ ರೂಪಗಳು ಇದ್ದರೆ ಡಾಲ್ಬಿಯದು ಕೆಲವೊಮ್ಮೆ ನಾಲ್ಕು ಡೆಸಿಬೆಲ್‌ನಷ್ಟು ಮೆತ್ತಗಿರುತ್ತದೆ. ಕಾರಣ ಗುಣಮಟ್ಟವಲ್ಲ, ಡಯಲಾಗ್ ನಾರ್ಮಲೈಸೇಶನ್ ಎಂಬ, ಸದ್ದನ್ನು ತಾನಾಗಿ ತಗ್ಗಿಸುವ ಒಂದು ಸೂಚನೆ. ಅಟ್ಮಾಸ್ ಸಂಗೀತಕ್ಕೆ ಡಾಲ್ಬಿ ವಿಧಿಸಿರುವ ಸರಾಸರಿ ಮಿತಿ ಮೈನಸ್ 18 ಎಲ್‌ಕೆಎಫ್‌ಎಸ್ (ಇದು ಧ್ವನಿಯ ಜೋರನ್ನು ಅಳೆಯುವ ಮಾನ, ಸೊನ್ನೆಗೆ ಹತ್ತಿರವಾದಷ್ಟೂ ಜೋರು). ಇಂದಿನ ಸ್ಟೀರಿಯೋ ರೀಮಾಸ್ಟರ್‌ಗಳು ಅದಕ್ಕಿಂತ ಬಹಳ ಜೋರಾಗಿರುತ್ತವೆ, ಹೀಗಾಗಿ ಒಂದರಿಂದ ಇನ್ನೊಂದಕ್ಕೆ ಹಾರಿದರೆ ಅಟ್ಮಾಸ್ ಸೊರಗಿದಂತೆ ಅನಿಸುವುದು ಸಹಜ. ಸಬ್‌ವೂಫರಿನ ಕಥೆ ಇನ್ನೂ ತೊಡಕಿನದು. 5.1ರಲ್ಲಿ ‘.1’ ಎಂಬ, ಬೇಸ್‌ಗೆಂದೇ ಮೀಸಲಾದ ಎಲ್‌ಎಫ್‌ಇ ಚಾನೆಲ್ಲನ್ನು ನುಡಿಸುವಾಗ 10 ಡೆಸಿಬೆಲ್ ಎತ್ತಬೇಕೆಂಬುದು ನಿಯಮ. ಎಸ್‌ಎಸಿಡಿ ಮತ್ತು ಡಿವಿಡಿ-ಆಡಿಯೋ ಕಾಲದ ಕೆಲವು ಪ್ಲೇಯರ್‌ಗಳ ಅನಲಾಗ್ ಔಟ್‌ನಲ್ಲಿ ಆ ಎತ್ತುವಿಕೆ ನಡೆಯುವುದಿಲ್ಲ. ಹಳೆಯ ಪ್ಲೇಯರಿನಲ್ಲಿ ಎಸ್‌ಎಸಿಡಿಯನ್ನೂ ಎಚ್‌ಡಿಎಂಐ ಮೂಲಕ ಬ್ಲೂ-ರೇಯನ್ನೂ ಕೇಳಿ ‘ಗತ್ರಿ ಬೇಸ್ ಕಡಿಮೆ ಮಾಡಿದ್ದಾರೆ’ ಎಂದರೆ ಆ ಪಾಪ ಅವರ ತಲೆಗೆ ಕಟ್ಟಿದಂತಾಯಿತು. ಸಾಧ್ಯವಾದ ಮಟ್ಟಿಗೆ ಎರಡೂ ಮಿಕ್ಸ್‌ಗಳನ್ನು ಒಂದೇ ಪ್ಲೇಯರ್, ಒಂದೇ ತಂತಿ, 80 ಹರ್ಟ್ಸ್‌ನ ಒಂದೇ ಕ್ರಾಸ್‌ಓವರ್ (ಅದಕ್ಕಿಂತ ಕೆಳಗಿನ ಬೇಸನ್ನು ಸಬ್‌ವೂಫರಿಗೆ ಕಳಿಸುವ ಗಡಿ) ಮೂಲಕ ಹಾಯಿಸಬೇಕು. ರಿಸೀವರಿನ ‘ನೈಟ್ ಮೋಡ್’, ‘ಡೈನಾಮಿಕ್’ ಇತ್ಯಾದಿ ಅಲಂಕಾರಗಳನ್ನು ಆರಿಸಿಬಿಡಿ.

ಇಷ್ಟಾದ ಮೇಲೆ ನಿಜವಾದ ಕೇಳುವಿಕೆ. ನಮ್ಮ ಪದ್ಧತಿಯಲ್ಲಿ ಮೊದಲ ಪ್ರಶ್ನೆ ‘ಯಾವುದು ಚೆನ್ನಾಗಿದೆ’ ಎಂಬುದಲ್ಲ. ‘ನನ್ನನ್ನು ಎಲ್ಲಿ ಕೂರಿಸಿದ್ದಾರೆ’ ಎಂಬುದು. ದುಗ್ಗಮ್ಮನ ಜಾತ್ರೆಯಲ್ಲಿ ಡೊಳ್ಳಿನ ಮೇಳವನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಮೇಳ ದುಂಡಗೆ ನಿಂತಾಗ ಜನ ಹೊರಗೆ ನಿಂತು ಎದುರಿಗೆ ನೋಡುತ್ತಾರೆ. ತಾಳ ಹಿಡಿದ ಹಿರಿಯನೊಬ್ಬ ಮಾತ್ರ ದುಂಡಿನ ನಡುವೆ ನಿಂತಿರುತ್ತಾನೆ, ಅವನಿಗೆ ಡೊಳ್ಳು ಬೆನ್ನ ಹಿಂದೆಯೂ ಬಡಿಯುತ್ತದೆ. ಸರೌಂಡ್ ಮಿಕ್ಸ್‌ಗಳೂ ಹೀಗೆಯೇ ಎರಡು ಜಾತಿ. ಒಂದು ಕೇಳುಗನನ್ನು ಸಭೆಯಲ್ಲಿ ಕೂರಿಸಿ ತಂಡವನ್ನು ಮುಂದೆ ನಿಲ್ಲಿಸಿ, ಹಿಂದಿನ ಸ್ಪೀಕರ್‌ಗಳಿಗೆ ಅನುರಣನ, ಚಪ್ಪಾಳೆ, ಒಂದಿಷ್ಟು ಹಿಮ್ಮೇಳ ಮಾತ್ರ ಕೊಡುತ್ತದೆ. ಇನ್ನೊಂದು ಅವನನ್ನು ದುಂಡಿನ ನಡುವೆ ತಂದು ನಿಲ್ಲಿಸುತ್ತದೆ. ಎಲಿಯಟ್ ಶೈನರ್ ಮಾಡಿದ ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಡಿವಿಡಿ-ಆಡಿಯೋ ಮತ್ತು ಕ್ವೀನ್ ತಂಡದ ‘ಎ ನೈಟ್ ಅಟ್ ದಿ ಒಪೆರಾ’ ಎರಡನೆಯ ಜಾತಿಯವು. ‘ಬೊಹೀಮಿಯನ್ ರಾಪ್ಸೊಡಿ’ಯ ನಡುವಿನ ಗುಂಪು ಗಾಯನ ಕೋಣೆಯ ಸುತ್ತಲಿಂದ ಕೂಗಿ ಉತ್ತರಿಸುವಾಗ ಕುರ್ಚಿ ಬಿಟ್ಟೇಳುವವರನ್ನು ನೋಡಿದ್ದೇನೆ. ಕಿಂಗ್ ಕ್ರಿಮ್ಸನ್, ಜೆತ್ರೊ ಟಲ್, ಯೆಸ್ ತಂಡಗಳ ಆಲ್ಬಮ್‌ಗಳನ್ನು ಮರುಮಿಕ್ಸ್ ಮಾಡಿದ ಸ್ಟೀವನ್ ವಿಲ್ಸನ್ ಬಹುಮಟ್ಟಿಗೆ ನಡುದಾರಿಯವರು: ಡ್ರಮ್ಸ್, ಬೇಸ್, ಮುಖ್ಯ ಗಾಯನ ಮುಂದೆ, ಮೆಲೊಟ್ರಾನ್ ಎಂಬ ಕೀಬೋರ್ಡು ಮತ್ತು ಹಿಮ್ಮೇಳದ ಕಂಠಗಳು ಹಿಂದಕ್ಕೆ. ಸಭೆಯ ಮಿಕ್ಸನ್ನು ದುಂಡಿನ ಮಿಕ್ಸ್ ಆಗಿಲ್ಲವೆಂದು ಬಯ್ಯುವುದು ಹೋಲಿಕೆಯಲ್ಲ, ಅಭಿರುಚಿಯ ಹೇಳಿಕೆ. ಎರಡನ್ನೂ ಬರೆಯಬಹುದು, ಬೇರೆಬೇರೆ ಸಾಲಿನಲ್ಲಿ.

ಕೂರಿಸಿದ ಜಾಗವನ್ನು ಪತ್ತೆಹಚ್ಚಲು ನನಗೆ ಅತ್ಯಂತ ಉಪಯುಕ್ತವೆನಿಸಿದ ಉಪಾಯವೆಂದರೆ ಆಂಪ್ಲಿಫೈಯರ್ ಆರಿಸಿ, ಮುಂದಿನ ಮೂರು ಸ್ಪೀಕರ್‌ಗಳ ತಂತಿ ಬಿಚ್ಚಿ, ಹಿಂದಿನ ಎರಡನ್ನು ಮಾತ್ರ ಕೇಳುವುದು. ಐದು ನಿಮಿಷದಲ್ಲಿ ಮಿಕ್ಸ್‌ನ ಬಂಡವಾಳವೆಲ್ಲ ಹೊರಬೀಳುತ್ತದೆ. ಹಿಂದೆ ಸ್ವತಂತ್ರ ವಾದ್ಯಗಳಿವೆಯೋ, ಮುಂದಿನದರ ಮಸುಕು ನೆರಳು ಮಾತ್ರವೋ? ಎಡ-ಬಲ ಬೇರೆಯೋ, ಒಂದೇ ಧ್ವನಿಯ ಎರಡು ಪ್ರತಿಯೋ? ಆಮೇಲೆ ನಡುವಿನ ಸ್ಪೀಕರನ್ನು ಒಂಟಿಯಾಗಿ ಕೇಳಬೇಕು. ಕ್ವಾಡ್‌ನಲ್ಲಿ ನಡುವಿನ ಚಾನೆಲ್ಲೇ ಇರುವುದಿಲ್ಲ, ಗಾಯಕನ ಧ್ವನಿ ಎಡ-ಬಲಗಳ ನಡುವೆ ಹುಟ್ಟುವ ಭ್ರಮೆ. 5.1ರಲ್ಲಿ ಕೆಲವರು ಗಾಯನವನ್ನು ನಡುವಿನ ಸ್ಪೀಕರಿಗೇ ಬಿಗಿದು ಕಟ್ಟುತ್ತಾರೆ, ಕೆಲವರು ಮೂರಕ್ಕೂ ಹಂಚುತ್ತಾರೆ. ಟಿವಿಯ ಕೆಳಗೆ ಸಿಕ್ಕಿಸಿದ ಸಣ್ಣ ಸೆಂಟರ್ ಸ್ಪೀಕರ್ ಇರುವ ನಮ್ಮಂತಹ ಮನೆಗಳಲ್ಲಿ ಮೊದಲ ಬಗೆಯ ಮಿಕ್ಸ್ ಮೂಗಿನಲ್ಲಿ ಹಾಡಿದಂತೆ ಕೇಳಿಸುತ್ತದೆ, ತಪ್ಪು ಸ್ಪೀಕರಿನದು. ರಿಸೀವರಿನಲ್ಲಿ ‘ಸೆಂಟರ್ ಇಲ್ಲ’ ಎಂದು ಆರಿಸಿ ಇನ್ನೊಮ್ಮೆ ಕೇಳಿದರೆ ಅನುಮಾನ ಬಗೆಹರಿಯುತ್ತದೆ.

ಮೂಲ ಸ್ಟೀರಿಯೋಗೆ ನಿಷ್ಠೆ ಎಷ್ಟು ಎಂಬುದು ಮುಂದಿನ ಪರೀಕ್ಷೆ, ಮತ್ತು ಇದಕ್ಕೆ ಕಿವಿಗಿಂತ ಗಡಿಯಾರ, ಪೆನ್ಸಿಲ್ ಹೆಚ್ಚು ಬೇಕು. ಸ್ಟೀರಿಯೋ ಆವೃತ್ತಿಯನ್ನು ಮೊದಲು ಕೇಳಿ, ಗಿಟಾರ್ ಸೋಲೋ ಆರಂಭವಾಗುವ, ಹಾಡು ಕರಗಿಹೋಗುವ ನಿಮಿಷ-ಸೆಕೆಂಡುಗಳನ್ನು ಬರೆಯಬೇಕು. ಕ್ವಾಡ್ ಕಾಲದಲ್ಲಿ ಅವಸರದಲ್ಲಿ ಮಾಡಿದ ಕೆಲವು ಮಿಕ್ಸ್‌ಗಳಲ್ಲಿ ಸ್ಟೀರಿಯೋದಲ್ಲಿ ಇಲ್ಲದ ಸೋಲೋ ತುಣುಕು ನುಸುಳಿರುವುದೂ, ಇದ್ದ ಧ್ವನಿ ಬಿಟ್ಟುಹೋಗಿರುವುದೂ ಉಂಟು. ಅದು ದೋಷವೆಂದು ಒಬ್ಬರಿಗೆ, ಹಬ್ಬವೆಂದು ಇನ್ನೊಬ್ಬರಿಗೆ. ಹಳೆಯ ಕ್ವಾಡ್‌ಗಳ ಬಗ್ಗೆ ಇನ್ನೊಂದು ಎಚ್ಚರ: ಎಲ್‌ಪಿಗಳಲ್ಲಿ ಎಸ್‌ಕ್ಯೂ, ಕ್ಯೂಎಸ್ ಎಂಬ ಪದ್ಧತಿಗಳು ನಾಲ್ಕು ಚಾನೆಲ್‌ಗಳನ್ನು ಎರಡರೊಳಗೆ ಮಡಚಿ, ಮನೆಯಲ್ಲಿ ಡಿಕೋಡರಿನಿಂದ ಬಿಚ್ಚುತ್ತಿದ್ದವು, ಆ ಬಿಚ್ಚುವಿಕೆಯಲ್ಲಿ ಚಾನೆಲ್‌ಗಳು ಒಂದಕ್ಕೊಂದು ಸೋರಿಕೊಳ್ಳುತ್ತಿದ್ದವು. ಎಲ್‌ಪಿಯಿಂದ ತೆಗೆದ ಪ್ರತಿಯನ್ನು ಕೇಳಿ ಪಾರ್ಸನ್ಸ್ ಮಿಕ್ಸ್ ಕಲಸುಮೇಲೋಗರವೆಂದು ಹೇಳಬಾರದು. 2011ರ ‘ಇಮ್ಮರ್ಶನ್’ ಪೆಟ್ಟಿಗೆಯ ಬ್ಲೂ-ರೇಯಲ್ಲಿ ಅದೇ ಕ್ವಾಡ್ ಮಿಕ್ಸ್ ನಾಲ್ಕು ಪ್ರತ್ಯೇಕ ಚಾನೆಲ್‌ಗಳಾಗಿ, 2003ರ 5.1ರ ಜೊತೆಗೇ ಇದೆ. ಹೋಲಿಕೆ ಕಲಿಯುವವರಿಗೆ ಇದಕ್ಕಿಂತ ಅನುಕೂಲವಾದ ಡಿಸ್ಕ್ ಇನ್ನೊಂದಿಲ್ಲವೆಂದೇ ನನ್ನ ಎಣಿಕೆ, ಏಕೆಂದರೆ ಡಿಸ್ಕ್ ಬದಲಿಸುವ ಅರ್ಧ ನಿಮಿಷದಲ್ಲಿ ಕಿವಿಯ ನೆನಪು ಮಾಸಿಹೋಗುತ್ತದೆ.

ಒಬ್ಬನೇ ವ್ಯಕ್ತಿಯ ಎರಡು ಮಿಕ್ಸ್‌ಗಳನ್ನು ಹೋಲಿಸುವುದೂ ಒಳ್ಳೆಯ ಅಭ್ಯಾಸ. ಕಿಂಗ್ ಕ್ರಿಮ್ಸನ್ ತಂಡದ 1969ರ ‘ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್’ ಅನ್ನು ವಿಲ್ಸನ್ 2009ರಲ್ಲಿ ಒಮ್ಮೆ 5.1ಕ್ಕೆ ತಂದು, 50ನೇ ವರ್ಷದ ಆವೃತ್ತಿಗಾಗಿ ಮತ್ತೆ ಹೊಸದಾಗಿ ಮಿಕ್ಸ್ ಮಾಡಿದರು. ಇಲ್ಲಿ ಅಭಿರುಚಿಯ ಜಗಳವಿಲ್ಲ. ಹತ್ತು ವರ್ಷದಲ್ಲಿ ಕೈ ಹೇಗೆ ಪಳಗಿತು ಎಂಬುದಷ್ಟೇ ಪ್ರಶ್ನೆ.

ಅಟ್ಮಾಸ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಛಾವಣಿಯ ಸ್ಪೀಕರ್‌ಗಳಿಲ್ಲದ ಕೋಣೆಯಲ್ಲಿ ಎತ್ತರದ ಧ್ವನಿಗಳು ಕೆಳಗಿನ ಸ್ಪೀಕರ್‌ಗಳಿಗೆ ಮಡಚಿಕೊಳ್ಳುತ್ತವೆ, ಆದ್ದರಿಂದ ನೀವು ತೂಗುತ್ತಿರುವುದು ಅಟ್ಮಾಸ್ ಮಿಕ್ಸನ್ನಲ್ಲ, ಅದರ ಮಡಿಕೆಯನ್ನು. ಸ್ಟ್ರೀಮಿಂಗ್‌ನಲ್ಲಿ ಬರುವುದು ಸಂಕುಚಿತ ರೂಪ, ಬ್ಲೂ-ರೇಯ ಟ್ರೂಎಚ್‌ಡಿ ನಷ್ಟವಿಲ್ಲದ್ದು. ಇಯರ್‌ಫೋನಿನಲ್ಲಿ ಕೇಳುವುದು ಎರಡು ಕಿವಿಗಳಿಗಾಗಿ ಲೆಕ್ಕಹಾಕಿದ ಮತ್ತೊಂದೇ ವಸ್ತು. ಚಿತ್ರದುರ್ಗದಿಂದ ಬರುವ ನಮ್ಮ ಗೆಳೆಯರೊಬ್ಬರು ಏಳು ಸುತ್ತಿನ ಕೋಟೆಯ ಊರಿನವರಾದ್ದರಿಂದಲೋ ಏನೋ ಏಳು ಸ್ಪೀಕರಿಗೆ ಕಡಿಮೆಯಾದದ್ದನ್ನು ಸರೌಂಡ್ ಎಂದು ಒಪ್ಪುವುದಿಲ್ಲ; ಈ ಒಂದು ವಿಷಯದಲ್ಲಿ ಅವರ ಹಟಕ್ಕೆ ಆಧಾರವಿದೆ.

ಒಂದೇ ಮಿಕ್ಸ್‌ನ ಎರಡು ರೂಪಗಳನ್ನು, ಉದಾಹರಣೆಗೆ ಡಾಲ್ಬಿ ಡಿಜಿಟಲ್ ಮತ್ತು ನಷ್ಟವಿಲ್ಲದ ಟ್ರ್ಯಾಕನ್ನು, ಹೋಲಿಸುವಾಗ ಮಾತ್ರ ಕಣ್ಣುಕಟ್ಟಿ ಕೇಳುವ ಪರೀಕ್ಷೆ ಬೇಕು. ಗೆಳೆಯರೊಬ್ಬರು ನಾಣ್ಯ ಚಿಮ್ಮಿ ಹತ್ತು ಸಲ ನುಡಿಸಲಿ, ನೀವು ಪ್ರತಿಸಲ ಯಾವುದೆಂದು ಹೇಳಿರಿ. ಬರಿಯ ಊಹೆಯಿಂದ ಹತ್ತಕ್ಕೆ ಒಂಬತ್ತು ಅಥವಾ ಹತ್ತು ಸರಿಯಾಗುವ ಸಂಭವ 1024ರಲ್ಲಿ 11. ಏಳು ಸರಿ ಹೇಳಿ ಎದೆ ತಟ್ಟಿಕೊಳ್ಳಬೇಡಿ. ಈ ಹೊತ್ತಿನಲ್ಲಿ ಮಂಡಕ್ಕಿ-ಮೆಣಸಿನಕಾಯಿಯ ಪೊಟ್ಟಣ ಕೋಣೆಯ ಹೊರಗಿರಬೇಕು. ಅದರ ಕಾಗದದ ಚರಪರ ಸದ್ದು ಹಿಂದಿನ ಚಾನೆಲ್ಲಿನ ಸಿಂಬಲ್ ಎಂದು ಒಮ್ಮೆ ನಮ್ಮ ಪುಸ್ತಕದಲ್ಲಿ ದಾಖಲಾಗಿಬಿಟ್ಟಿದೆ.

ಪುಸ್ತಕದಲ್ಲಿ ಪ್ರತಿ ತೀರ್ಪಿನ ಮೇಲೂ ಡಿಸ್ಕ್, ಪ್ಲೇಯರ್, ಸ್ಪೀಕರಿನ ಜಾಗ, ತಗ್ಗಿಸಿದ ಡೆಸಿಬೆಲ್ ಇವನ್ನು ಬರೆದು, ಕೆಳಗೆ ಅಭಿಪ್ರಾಯ ಬರೆಯುತ್ತೇವೆ. ‘ಡಾರ್ಕ್ ಸೈಡ್’ ಪುಟದಲ್ಲಿ ಈಗಿರುವುದು ಇಷ್ಟು. ‘ಟೈಮ್’ ಹಾಡಿನ ಗಡಿಯಾರಗಳನ್ನು ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಯಲ್ಲಿ ಒಂದೊಂದಾಗಿ ಮುದ್ರಿಸಿಕೊಂಡಿದ್ದೇ ಕ್ವಾಡ್‌ನ ಪ್ರದರ್ಶನಕ್ಕಾಗಿ. ಹಿಂದಿನ ಸ್ಪೀಕರ್‌ಗಳನ್ನು ಮೂಲೆಗೆ ಸರಿಸಿ ಕೇಳಿದರೆ ಅವು 1973ರ ಮಿಕ್ಸ್‌ನಲ್ಲಿ ಹೆಚ್ಚು ಧೈರ್ಯವಾಗಿ ನಾಲ್ಕೂ ಕಡೆ ಬಾರಿಸುತ್ತವೆ. ‘ಮನಿ’ಯ ನಾಣ್ಯಗಳಿಗೂ ಅದೇ ಮಾತು. ಆದರೆ ‘ದಿ ಗ್ರೇಟ್ ಗಿಗ್ ಇನ್ ದ ಸ್ಕೈ’ಯ ಹೆಣ್ಣುಕಂಠ ಗತ್ರಿಯವರ 5.1ರಲ್ಲಿ ಹೆಚ್ಚು ಸ್ಪಷ್ಟವಾಗಿ, ಉಸಿರಿನ ಸಮೇತ ಎದುರಿಗೆ ನಿಲ್ಲುತ್ತದೆ ಎಂಬುದು ಸದ್ದು ಸಮ ಮಾಡಿದ ಮೇಲೂ ಬದಲಾಗದ ನಮ್ಮ ಮೂವರ ಅಭಿಪ್ರಾಯ. ನಾಲ್ಕನೆಯವರ ಸಾಲು ಖಾಲಿಯಿದೆ; ನಮ್ಮ ಛಾವಣಿಗೆ ಸ್ಪೀಕರ್ ಹತ್ತಿದ ದಿನ ಬರೆಯುತ್ತೇನೆಂದು ಚಿತ್ರದುರ್ಗದವರು ಪೆನ್ನಿನ ಮುಚ್ಚಳ ಹಾಕಿ ಕೂತಿದ್ದಾರೆ.